ಮನೆ ಬಿಟ್ಟು ಹೋಗೋದು ಯಾರು?

ನಾನು ಐದನೇ ಕ್ಲಾಸಿನಲ್ಲಿದ್ದಾಗ, ಮಳೆಗಾಲದ ಒಂದು ರಾತ್ರಿ, ಯಾರೋ ನಮ್ಮ ಮನೆ ಬಾಗಿಲು ಬಡಿದರು. ತಿಪಟೂರು ಕಡೆಯ ನಮ್ಮ ಹಳ್ಳಿಯಲ್ಲಿ ಎಂಟು ಗಂಟೆಗೆಲ್ಲ ಊಟ ಮುಗಿಸಿ ಮಲಗುವ ಕಾಲ ಅದು. ಅಜ್ಜಿ ಎದ್ದು ಬಾಗಿಲು ತೆಗೆದಳು. ಹೊರಗೆ ಕೆಳಗಿನ ಬೀದಿಯ ಅಕ್ಕ ನಿಂತಿದ್ದಳು. ಸೊಂಟದ ಮೇಲೆ ಮಗಳು, ಪಕ್ಕದಲ್ಲಿ ಸೆರಗು ಹಿಡಿದ ಮಗ. ಆ ಮಗ ನನ್ನ ಕ್ಲಾಸ್‌ಮೇಟ್, ನನ್ನಷ್ಟೇ ವಯಸ್ಸು, ಹತ್ತು. ಅಕ್ಕನ ತುಟಿ ಒಡೆದಿತ್ತು. ಯಾರೂ ಏನೂ ಕೇಳಲಿಲ್ಲ. ಕೇಳೋದೇನಿತ್ತು, ಇಡೀ ಊರಿಗೆ ಗೊತ್ತಿದ್ದ ವಿಷಯ. ಅಜ್ಜಿ ಪಡಸಾಲೆಯಲ್ಲಿ ಚಾಪೆ ಹಾಸಿದಳು, ಮಕ್ಕಳಿಗೆ ಮಜ್ಜಿಗೆ ಅನ್ನ ಕಲಸಿ ಕೊಟ್ಟಳು. ನನ್ನ ಗೆಳೆಯ ನನ್ನ ಮುಖ ನೋಡಲಿಲ್ಲ. ನಾನೂ ಅವನ ಮುಖ ನೋಡಲಿಲ್ಲ.

ಬೆಳಿಗ್ಗೆ ಗಂಡ ಬಂದ. ನಮ್ಮ ತಾತ ಮತ್ತು ಇನ್ನಿಬ್ಬರು ಹಿರಿಯರು ಜಗಲಿ ಮೇಲೆ ಕೂತು ನ್ಯಾಯ ಮಾಡಿದರು. ಅವನಿಗೆ ಬೈದರು, ಚೆನ್ನಾಗೇ ಬೈದರು. ಆಮೇಲೆ ಅಕ್ಕನ ಕಡೆ ತಿರುಗಿ, "ಮಕ್ಕಳ ಮುಖ ನೋಡ್ಕೊಂಡು ಹೋಗವ್ವ" ಅಂದರು. ಹೋದಳು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನೋ ಗಾದೆಯನ್ನ ಆವತ್ತು ಯಾರೋ ಹೇಳಿದ ನೆನಪು. ಆದರೆ ಆ ರಾತ್ರಿ ತನ್ನ ಮನೆಯಲ್ಲಿ ಉಂಡು, ಹೊದ್ದು ಮಲಗಿದ್ದು ಹೊಡೆದವನು. ಹೊಡೆಸಿಕೊಂಡವಳು ಎರಡು ಮಕ್ಕಳನ್ನ ಕಟ್ಟಿಕೊಂಡು ಮಳೆಯಲ್ಲಿ ಬಂದಿದ್ದಳು. ಇದು ಉಲ್ಟಾ ಅಂತ ಜಗಲಿ ಮೇಲಿದ್ದ ಯಾರಿಗೂ ಅನಿಸಲಿಲ್ಲ. ನಮ್ಮ ತಾತನಿಗೂ ಅನಿಸಲಿಲ್ಲ. ಅವರು ಕೆಟ್ಟವರಲ್ಲ. ಮನೆ ಅವನ ಅಪ್ಪನದು, ಅವನು ಯಾಕೆ ಹೋಗಬೇಕು?

ಈ "ಯಾಕೆ ಹೋಗಬೇಕು" ಅನ್ನೋ ಪ್ರಶ್ನೆಯನ್ನ ಕಾನೂನು ಬೇರೆ ಥರ ಕೇಳೋಕೆ ಕಲಿತದ್ದು ಹೇಗೆ ಅಂತ ಕೆಲವು ವರ್ಷದಿಂದ ಓದ್ತಾ ಇದೀನಿ. ನಾನು ವಕೀಲ ಅಲ್ಲ, ಕೋಡ್ ಬರೆಯೋನು. ತೀರ್ಪುಗಳನ್ನ ಓದೋದು ಹಳೇ ಕೋಡ್‌ಬೇಸ್ ಓದಿದ ಹಾಗೇ ಇರುತ್ತೆ: ಯಾವ ಸಾಲು ಯಾವ ಕಾಲದಲ್ಲಿ ಯಾಕೆ ಬಂತು ಅಂತ ಹುಡುಕ್ತಾ ಹೋದರೆ, ಒಂದೊಂದರ ಹಿಂದೆಯೂ ಯಾರದೋ ಏಟು ಬಿದ್ದ ರಾತ್ರಿ ಇರುತ್ತೆ.

ಬ್ರಿಟಿಷರ ಕಾಲದಿಂದ ಶುರು ಮಾಡೋಣ. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 488ನೇ ಸೆಕ್ಷನ್ ಇತ್ತು. ಹೆಂಡತಿ ಮಕ್ಕಳನ್ನ ಸಾಕದ ಗಂಡನಿಗೆ ಜೀವನಾಂಶ ಕೊಡು ಅಂತ ಮ್ಯಾಜಿಸ್ಟ್ರೇಟ್ ಹೇಳಬಹುದಿತ್ತು. ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ಅದು 1923ರಲ್ಲಿ 100 ಆಯಿತು, 1955ರಲ್ಲಿ 500 ಆಯಿತು. ಆಮೇಲೆ? 1973ರಲ್ಲಿ ಹೊಸ ಸಂಹಿತೆ ಬಂತು, ಸೆಕ್ಷನ್ ನಂಬರು 125 ಆಯಿತು, ಮಿತಿ ಮಾತ್ರ ಅದೇ 500ರಲ್ಲಿ ನಿಂತಿತು. ಆ ಮಿತಿಯನ್ನ ಸಂಸತ್ತು ಕಿತ್ತು ಹಾಕಿದ್ದು 2001ರಲ್ಲಿ. ಅಂದರೆ ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೂ ಈ ಸೆಕ್ಷನ್ ಪ್ರಕಾರ ತಿಂಗಳಿಗೆ 500 ರೂಪಾಯಿಯೇ ಗರಿಷ್ಠ. ಕೆಲವು ರಾಜ್ಯಗಳು ತಮ್ಮ ಮಟ್ಟಿಗೆ ಏರಿಸಿಕೊಂಡಿದ್ದವು, ಅಷ್ಟೆ.

1946ರಲ್ಲಿ ಇನ್ನೊಂದು ಕಾಯ್ದೆ ಬಂತು. ಗಂಡ ಕ್ರೂರಿಯಾಗಿದ್ದರೆ, ಬಿಟ್ಟು ಹೋಗಿದ್ದರೆ, ಇನ್ನೊಂದು ಮದುವೆ ಆಗಿದ್ದರೆ ಹಿಂದೂ ಹೆಂಡತಿ ಬೇರೆ ಇದ್ದುಕೊಂಡೇ ಜೀವನಾಂಶ ಕೇಳಬಹುದು ಅಂತ. ದೊಡ್ಡ ಹೆಜ್ಜೆಯೇ. ಆದರೆ ಗಮನಿಸಿ, ಇಲ್ಲೂ ಹೊರಗೆ ಹೋಗೋಳು ಅವಳೇ. ಹೋಗೋದು ಎಲ್ಲಿಗೆ?

ನಮ್ಮಲ್ಲಿ ಅದಕ್ಕೆ ಇದ್ದ ಒಂದೇ ಉತ್ತರ ತವರು. ಅಲ್ಲಿ ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಗಾದೆ ಮಾತ್ರ ಅಲ್ಲ, ಕಾನೂನೂ ಹೆಚ್ಚು ಕಮ್ಮಿ ಅದನ್ನೇ ಹೇಳ್ತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅಪ್ಪನ ಮನೆಯಲ್ಲಿ ವಾಸ ಮಾಡುವ ಹಕ್ಕು ಇದ್ದದ್ದು ಮದುವೆಯಾಗದ, ವಿಧವೆಯಾದ, ಇಲ್ಲವೇ ಗಂಡ ಬಿಟ್ಟ ಅಥವಾ ಗಂಡನಿಂದ ಬೇರೆಯಾದ ಮಗಳಿಗೆ. ಸಂಸಾರ ಪೂರ್ತಿ ಮುರಿದು ಬಿದ್ದ ಮೇಲೆ ಬಾ ಅಂದ ಹಾಗೆ. ಮುರಿಯೋಕೆ ಮುಂಚೆ, ಒಂದು ರಾತ್ರಿ ಮಕ್ಕಳ ಜೊತೆ ಬಂದು ಉಳಿಯೋಳಿಗೆ ಅಣ್ಣ ಅತ್ತಿಗೆಯ ಮರ್ಜಿಯೇ ಗತಿ. ಇದ್ದ ಮನೆಯನ್ನ ಗಂಡುಮಕ್ಕಳು ಭಾಗ ಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ತಮ್ಮ ಪಾಲು ಕೇಳುವ ಹಾಗೂ ಇರಲಿಲ್ಲ. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು ಅಂತ ನಾವು ಹೆಮ್ಮೆಯಿಂದ ಹೇಳ್ತೀವಿ. ಅದು ಆ ತಿದ್ದುಪಡಿ ಜಾರಿಗೆ ಬರುವ ಮೊದಲೇ ಮದುವೆಯಾದವರಿಗೆ ಅನ್ವಯ ಆಗ್ತಿರಲಿಲ್ಲ. ಕೆಳಗಿನ ಬೀದಿಯ ಅಕ್ಕನ ಮದುವೆ ಅದಕ್ಕಿಂತ ಎಷ್ಟೋ ಮೊದಲೇ ಆಗಿತ್ತು.

ಇಲ್ಲಿ ಸ್ವಲ್ಪ ಲಂಡನ್ನಿಗೆ ಹೋಗಿ ಬರಬೇಕು. ಸುಮ್ಮನೆ ಅಲ್ಲ, ನಮ್ಮ ಸುಪ್ರೀಂ ಕೋರ್ಟೂ ಮುಂದೆ ಇಂಗ್ಲೆಂಡಿನ ಕಾನೂನಿನ ಮಾತು ಎತ್ತುತ್ತೆ. 1971ರಲ್ಲಿ ಪಶ್ಚಿಮ ಲಂಡನ್ನಿನ ಚಿಸ್ವಿಕ್‌ನಲ್ಲಿ ಎರಿನ್ ಪಿಜ್ಜಿ ಮತ್ತು ಗೆಳತಿಯರು ಒಂದು ಸಣ್ಣ ಮನೆಯಲ್ಲಿ ಹೆಂಗಸರು ಕೂತು ಮಾತಾಡೋಕೆ ಅಂತ ಜಾಗ ಮಾಡಿದರು. ಗಂಡನ ಏಟು ತಿಂದವರು ಅಲ್ಲಿಗೆ ಬರೋಕೆ ಶುರು ಮಾಡಿದರು, ವಾಪಸ್ ಹೋಗಲಿಲ್ಲ. ಮಕ್ಕಳೂ ಜೊತೆಗೆ ಬಂದರು. ಬಂದವರನ್ನ ವಾಪಸ್ ಕಳಿಸಬಾರದು ಅಂತ ಪಿಜ್ಜಿ ಹಟ ಹಿಡಿದಿದ್ದರಿಂದ ಮನೆ ಕಿಕ್ಕಿರಿದು, ಮಿತಿಗಿಂತ ಜಾಸ್ತಿ ಜನರನ್ನ ಇಟ್ಟುಕೊಂಡಿದ್ದಕ್ಕೆ ಕೋರ್ಟು ಮೆಟ್ಟಿಲೂ ಹತ್ತಬೇಕಾಯಿತು. ಇವತ್ತು ಜಗತ್ತಿನಲ್ಲಿ ಇರುವ ಇಂಥ ಆಶ್ರಯಧಾಮಗಳಿಗೆ ಚಿಸ್ವಿಕ್ ಒಂದು ಮಾದರಿ.

ನನಗೆ ಚಿಸ್ವಿಕ್‌ಗಿಂತ ಅಲ್ಲಿಗೆ ಬಂದ ಒಬ್ಬಳ ಕೇಸು ಮುಖ್ಯ. ಜೆನಿಫರ್ ಡೇವಿಸ್ ಅನ್ನೋ ಯುವತಿ, ಸಣ್ಣ ಮಗಳ ಜೊತೆ 1977ರಲ್ಲಿ ಅಲ್ಲಿಗೆ ಓಡಿ ಬಂದಳು. ಹ್ಯಾಕ್ನಿಯಲ್ಲಿದ್ದ ಕೌನ್ಸಿಲ್ ಫ್ಲಾಟಿನ ಬಾಡಿಗೆ ಕರಾರು ಅವಳ ಮತ್ತು ಜೊತೆಗಾರನ ಇಬ್ಬರ ಹೆಸರಲ್ಲೂ ಇತ್ತು. ಮದುವೆ ಆಗಿರಲಿಲ್ಲ. ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನಲ್ಲಿ ಕೌಟುಂಬಿಕ ಹಿಂಸೆಯ ಬಗ್ಗೆ ಒಂದು ಕಾಯ್ದೆ ಬಂದಿತ್ತು. ಅವಳು ಕೇಳಿದ್ದು ಇಷ್ಟೇ: ನಾನು ಮಗು ಕಟ್ಟಿಕೊಂಡು ಈ ಕಿಕ್ಕಿರಿದ ಮನೆಯಲ್ಲಿ ಯಾಕಿರಬೇಕು, ಅವನನ್ನ ಫ್ಲಾಟಿನಿಂದ ಹೊರಗೆ ಕಳಿಸಿ. ಅವನದ್ದೂ ಹೆಸರಿದೆ, ಆಸ್ತಿ ಹಕ್ಕಿದೆ, ಹೇಗೆ ಕಳಿಸೋದು ಅಂತ ವಾದ ಮೇಲಿನ ಕೋರ್ಟುಗಳ ತನಕ ಹೋಯಿತು. 1978ರ ಮಾರ್ಚಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಅವಳ ಪರವಾಗಿ ಹೇಳಿತು. ಆಸ್ತಿ ಹಕ್ಕು ಇದ್ದ ಮಾತ್ರಕ್ಕೆ ಹೊಡೆದವನು ಒಳಗೆ, ಹೊಡೆಸಿಕೊಂಡವಳು ಹೊರಗೆ ಅಂತ ಆಗಬೇಕಿಲ್ಲ. ನಮ್ಮ ಜಗಲಿಯ ನ್ಯಾಯಕ್ಕಿಂತ ಇಪ್ಪತ್ತು ವರ್ಷ ಮೊದಲು.

ಅದೇ ಹೊತ್ತಿಗೆ ನಮ್ಮಲ್ಲಿ ಏನಾಗ್ತಿತ್ತು? ಹೆಣ್ಣುಮಕ್ಕಳು ಸುಟ್ಟು ಸಾಯ್ತಿದ್ದರು. 1979ರಲ್ಲಿ ದೆಹಲಿಯಲ್ಲಿ ಮಗಳನ್ನ ಹೀಗೆ ಕಳಕೊಂಡ ಸತ್ಯರಾಣಿ ಚಡ್ಡಾ ಬೀದಿಗಿಳಿದರು, ದಶಕಗಳ ಕಾಲ ಕೋರ್ಟು ಅಲೆದರು. ಅವರು ಮತ್ತು ಹಾಗೇ ಮಗಳನ್ನ ಕಳಕೊಂಡ ಶಹಜಹಾನ್ ಆಪಾ ಸೇರಿ 1987ರಲ್ಲಿ ಶಕ್ತಿ ಶಾಲಿನಿ ಅನ್ನೋ ಸಂಸ್ಥೆ ಕಟ್ಟಿದರು. ಬೆಂಗಳೂರಿನಲ್ಲಿ 1979ರಿಂದ ಇದ್ದ ವಿಮೋಚನಾ ಬಳಗದವರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, "ಸ್ಟೌ ಸಿಡಿದು" ಅಂತ ದಾಖಲಾದವರ ಪಕ್ಕ ಕೂತು, ಅವರ ಬಾಯಿಂದ ನಿಜ ಕೇಳಿ ಬರೆದುಕೊಂಡರು. ಸೀಮೆಎಣ್ಣೆ ಸ್ಟೌ ಗಂಡಸರು ಕಾಫಿ ಕಾಯಿಸುವಾಗ ಯಾಕೆ ಸಿಡಿಯೋದಿಲ್ಲ ಅಂತ ಕೇಳಿದ ತಲೆಮಾರು ಅದು.

ಆ ಹೋರಾಟದಿಂದ 1983ರಲ್ಲಿ 498ಎ ಬಂತು, 1986ರಲ್ಲಿ ವರದಕ್ಷಿಣೆ ಸಾವಿನ ಸೆಕ್ಷನ್ ಬಂತು. ಗಂಡನ ಮನೆಯ ಕ್ರೌರ್ಯ ಮೊದಲ ಸಲ ಹೆಸರಿರುವ ಅಪರಾಧ ಆಯಿತು. ಆದರೆ ಈ ಸೆಕ್ಷನ್ನಿನ ಕೈಲಿ ಇದ್ದದ್ದು ಒಂದೇ ಅಸ್ತ್ರ, ಜೈಲು. ಕಂಪ್ಲೇಂಟ್ ಕೊಟ್ಟು ಸ್ಟೇಷನ್ನಿಂದ ಹೊರಗೆ ಬಂದ ಹೆಂಗಸು ರಾತ್ರಿ ಎಲ್ಲಿ ಮಲಗಬೇಕು, ನಾಳೆ ಮಕ್ಕಳ ಸ್ಕೂಲಿನ ಕತೆ ಏನು ಅನ್ನೋದಕ್ಕೆ ಅದರಲ್ಲಿ ಉತ್ತರ ಇಲ್ಲ. ಕಂಪ್ಲೇಂಟ್ ಕೊಟ್ಟ ಮೇಲೆ ಅದೇ ಮನೆಗೆ ಹೋಗೋದಂತೂ ದೂರದ ಮಾತು. ಹಾಗಾಗಿ ಎಷ್ಟೋ ಜನ ಕೊಡಲೇ ಇಲ್ಲ. ಈ ಸೆಕ್ಷನ್ ದುರ್ಬಳಕೆ ಆಗುತ್ತೆ ಅಂತ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಬಿಸಿ ಬಿಸಿ ಚರ್ಚೆ ಆಗ್ತಾ ಇರುತ್ತೆ. ಬಳಸದೇ ಹೋದವರ ಲೆಕ್ಕ ಆ ಟೇಬಲ್ಲಿಗೆ ಯಾವತ್ತೂ ಬರೋದಿಲ್ಲ.

ಸರಕಾರ ಆಶ್ರಯ ಕೊಡಲೇ ಇಲ್ಲ ಅಂತಲ್ಲ. 1969ರಿಂದ ಅಲ್ಪಾವಧಿ ವಸತಿ ಗೃಹಗಳಿದ್ದವು. ಕರ್ನಾಟಕದಲ್ಲಿ 2000-01ರಲ್ಲಿ ಸಾಂತ್ವನ ಯೋಜನೆ ಶುರುವಾಯಿತು, ಕಾನೂನು ಸಲಹೆ, ತಾತ್ಕಾಲಿಕ ವಸತಿ, ಒಂದಿಷ್ಟು ಹಣ, ತರಬೇತಿ. 2012ರ ದೆಹಲಿ ಪ್ರಕರಣದ ನಂತರ 2015ರ ಏಪ್ರಿಲ್ 1ಕ್ಕೆ ಸಖಿ ಕೇಂದ್ರಗಳೂ 181 ಸಹಾಯವಾಣಿಯೂ ಬಂದವು. ಪೊಲೀಸು, ಡಾಕ್ಟರು, ವಕೀಲರು, ಆಪ್ತ ಸಮಾಲೋಚನೆ ಎಲ್ಲ ಒಂದೇ ಸೂರಿನಡಿ ಅನ್ನೋ ಕಲ್ಪನೆ. ಒಳ್ಳೇ ಕಲ್ಪನೆ. ಅದರ ಶುರುವಿನ ಮಾರ್ಗಸೂಚಿ ಓದ್ತಾ ಓದ್ತಾ ಒಂದು ಸಾಲಿಗೆ ಬಂದು ನಿಂತುಬಿಟ್ಟೆ. ತಾಯಿ ಮಕ್ಕಳ ಜೊತೆ ಐದು ದಿನದ ತನಕ ಉಳಿಯಬಹುದು. ಹೆಣ್ಣುಮಕ್ಕಳು ಯಾವ ವಯಸ್ಸಿನವರಾದರೂ ಸರಿ. ಗಂಡುಮಕ್ಕಳಾದರೆ ಆಗ 8 ವರ್ಷದ ತನಕ ಮಾತ್ರ ಅಂತಿತ್ತು.

ಯಾಕೆ ಅಂತ ಗೊತ್ತಾಗುತ್ತೆ. ಒಂದೇ ಹಾಲಿನಲ್ಲಿ ಹತ್ತು ಹೆಂಗಸರು ಮಲಗೋ ಜಾಗ, ಬೆಳೆದ ಹುಡುಗರು ಬೇಡ. ಆದರೂ ನನಗೆ ಸೆರಗು ಹಿಡಿದು ನಿಂತಿದ್ದ ನನ್ನ ಗೆಳೆಯ ನೆನಪಾದ. ಆ ರಾತ್ರಿ ಇಂಥದೊಂದು ಕೇಂದ್ರ ತಿಪಟೂರಿನಲ್ಲಿ ಇದ್ದಿದ್ದರೂ ಅವನನ್ನ ಬೇರೆ ಎಲ್ಲಿಗೋ ಕಳಿಸಬೇಕಾಗ್ತಿತ್ತು. ಹತ್ತು ವರ್ಷದ ಮಗನನ್ನ ಬಿಟ್ಟು ಯಾವ ತಾಯಿ ಹೋಗ್ತಾಳೆ? ಹೊಡೆಯೋನ ಹತ್ತಿರವೇ ಬಿಟ್ಟು ಹೋಗಬೇಕಾ? ಆಶ್ರಯ ಎಷ್ಟು ಒಳ್ಳೇದಿದ್ದರೂ ತಾಯಿ, ಮಕ್ಕಳು ಮನೆ ಬಿಟ್ಟು ಬರೋದೇ ಅದರ ಮೊದಲ ಷರತ್ತು. ಮಕ್ಕಳ ಸ್ಕೂಲು, ಗೆಳೆಯರು, ಪುಸ್ತಕ, ಸಾಕಿದ ನಾಯಿ, ಎಲ್ಲ ಬಿಟ್ಟು.

ಅದಕ್ಕೇ 2005ರ ಕಾಯ್ದೆ ನನ್ನ ಲೆಕ್ಕದಲ್ಲಿ ಬೇರೆ ಜಾತಿಯದ್ದು. ಅದರ ಹಿಂದಿನ ಆವೃತ್ತಿ ನೋಡಿದರೆ ಎಷ್ಟು ದೂರ ಬಂದಿದೆ ಅಂತ ಗೊತ್ತಾಗುತ್ತೆ. 2002ರಲ್ಲಿ ಲೋಕಸಭೆಗೆ ಬಂದ ಮಸೂದೆ "ರೂಢಿಯಾಗಿ" ಹೊಡೆಯೋದನ್ನ ಹಿಂಸೆ ಅಂದಿತ್ತು. ಅಂದರೆ ಅಪರೂಪಕ್ಕೆ ಹೊಡೆದರೆ ಪರವಾಗಿಲ್ಲ. ಗಂಡ ತನ್ನ ಅಥವಾ ತನ್ನ ಆಸ್ತಿಯ ರಕ್ಷಣೆಗೆ ಅಂತ ಕೈ ಮಾಡಿದರೆ ಅದಕ್ಕೂ ವಿನಾಯಿತಿ! ಇಂದಿರಾ ಜೈಸಿಂಗ್ ಅವರ ಲಾಯರ್ಸ್ ಕಲೆಕ್ಟಿವ್ ಮತ್ತು ದೇಶದ ಮಹಿಳಾ ಸಂಘಟನೆಗಳು ಇದರ ವಿರುದ್ಧ ಎದ್ದು ನಿಂತವು. 2004ರಲ್ಲಿ ಲೋಕಸಭೆ ವಿಸರ್ಜನೆ ಆಗಿ ಆ ಮಸೂದೆ ಬಿದ್ದುಹೋಯಿತು, ಪುಣ್ಯಕ್ಕೆ. ಮುಂದಿನ ವರ್ಷ ಬಂದ ಕಾಯ್ದೆಯಲ್ಲಿ ಬೈಗುಳ, ಅವಮಾನ, ಹಣ ಕೊಡದೆ ಸತಾಯಿಸೋದು, ಲೈಂಗಿಕ ಹಿಂಸೆ ಎಲ್ಲವೂ ಬಂದವು. 17ನೇ ಸೆಕ್ಷನ್ ಹೇಳಿತು: ಜೊತೆಯಾಗಿ ಬಾಳಿದ ಮನೆಯಲ್ಲಿ ವಾಸ ಮಾಡುವ ಹಕ್ಕು ಅವಳಿಗಿದೆ, ಕಾಗದದಲ್ಲಿ ಅವಳ ಹೆಸರಿರಲಿ ಇಲ್ಲದಿರಲಿ. 19ನೇ ಸೆಕ್ಷನ್ ಇನ್ನೂ ಮುಂದೆ ಹೋಗಿ, ಹೊಡೆದವನೇ ಮನೆ ಬಿಟ್ಟು ಹೋಗಲಿ ಅಂತ ಆದೇಶಿಸುವ ಅಧಿಕಾರವನ್ನ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ಮಕ್ಕಳನ್ನ ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೊಡಬಹುದು, ಮಕ್ಕಳಿಗೆ ಅಪಾಯ ಅನಿಸಿದರೆ ತಂದೆಯ ಭೇಟಿಯನ್ನೂ ತಡೆಯಬಹುದು.

ಆ ಸೆಪ್ಟೆಂಬರ್ ವಿಶೇಷ. 2005ರ ಸೆಪ್ಟೆಂಬರ್ 9ಕ್ಕೆ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಯಾಗಿ ಆ 23ನೇ ಸೆಕ್ಷನ್ ರದ್ದಾಯಿತು. ನಾಲ್ಕು ದಿನ ಬಿಟ್ಟು 13ಕ್ಕೆ ಕೌಟುಂಬಿಕ ಹಿಂಸೆ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ತವರಿನ ಬಾಗಿಲು, ಗಂಡನ ಮನೆ ಬಾಗಿಲು, ಎರಡರ ಬೀಗವೂ ಒಂದೇ ವಾರದಲ್ಲಿ ಸಡಿಲಾದ ಹಾಗಾಯಿತು.

ಕೌಟುಂಬಿಕ ಹಿಂಸೆ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ಕ್ಕೆ. ಎರಡು ತಿಂಗಳೂ ತುಂಬಿರಲಿಲ್ಲ, ಡಿಸೆಂಬರ್ 15ಕ್ಕೆ ಸುಪ್ರೀಂ ಕೋರ್ಟಿನ ಬಾತ್ರಾ ತೀರ್ಪು ಬಂತು. ದೆಹಲಿಯ ಅಶೋಕ್ ವಿಹಾರದ ಮನೆ. ಮದುವೆಯಾಗಿ ಬಂದ ಸೊಸೆ ಎರಡನೇ ಮಹಡಿಯಲ್ಲಿ ಗಂಡನ ಜೊತೆ ಇದ್ದವಳು. ಜಗಳವಾಗಿ ತವರಿಗೆ ಹೋಗಿ ವಾಪಸ್ ಬಂದರೆ ಬಾಗಿಲಿಗೆ ಬೀಗ. ಮನೆ ಇದ್ದದ್ದು ಅತ್ತೆಯ ಹೆಸರಲ್ಲಿ. ಕೋರ್ಟು ಹೇಳಿತು: ಗಂಡನ ಸ್ವಂತದ್ದು ಅಥವಾ ಅವನು ಬಾಡಿಗೆಗೆ ಹಿಡಿದದ್ದು ಇಲ್ಲವೇ ಅವನು ಸದಸ್ಯನಾಗಿರುವ ಅವಿಭಕ್ತ ಕುಟುಂಬದ್ದು ಆದರೆ ಮಾತ್ರ ಅದು ಕಾಯ್ದೆಯ ಅರ್ಥದ ಮನೆ, ಅತ್ತೆಯ ಸ್ವಂತ ಮನೆಯಲ್ಲಿ ಸೊಸೆಗೆ ಹಕ್ಕಿಲ್ಲ. ಇಂಗ್ಲೆಂಡಿನಲ್ಲಿ 1967ರಿಂದ ದಂಪತಿಯ ಮನೆಯ ಬಗ್ಗೆ ಕಾನೂನಿದೆ, ನಮ್ಮಲ್ಲಿ ಅಂಥದ್ದಿಲ್ಲ, ಇದ್ದರೂ ಅದು ಗಂಡನ ವಿರುದ್ಧವೇ ಹೊರತು ಅತ್ತೆ ಮಾವನ ವಿರುದ್ಧ ಅಲ್ಲ ಅನ್ನೋದು ಅಲ್ಲಿನ ವಾದಸರಣಿ.

ಇದನ್ನ ಓದಿದಾಗ ನನಗೆ ತಲೆ ಬಿಸಿಯಾಯಿತು. ನಮ್ಮ ಊರಿನಲ್ಲಿ, ಯಾಕೆ, ನಮ್ಮ ಆಫೀಸಿನಲ್ಲೇ ಎಷ್ಟು ಜನ ಹೊಸದಾಗಿ ಮದುವೆಯಾದವರು ತಮ್ಮ ಹೆಸರಿನ ಮನೆಯಲ್ಲಿದ್ದಾರೆ? ಮನೆ ಅಪ್ಪನದು, ಅಮ್ಮನದು. ಖಾತೆ ತಾತನ ಹೆಸರಲ್ಲೇ ಇರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸೊಸೆಯದ್ದು ಗೆಸ್ಟ್ ಅಕೌಂಟ್. ವರ್ಷಗಟ್ಟಲೆ ಕೆಲಸ ಮಾಡಬಹುದು, ಅಡ್ಮಿನ್‌ಗೆ ಬೇಡ ಅನಿಸಿದ ದಿನ ಲಾಗಿನ್ ಆಗಲ್ಲ. ಗಂಡನ ಮನೆಯವರಿಗೆ ದಾರಿ ಸಿಕ್ಕಿತು: ಮನೆ ಮಗನ ಹೆಸರಲ್ಲಿ ಇರಬಾರದು, ಅಷ್ಟೇ.

ಈ ದಾರಿ ಎಲ್ಲಿಗೆ ಹೋಗಿ ಮುಟ್ಟಿತು ಅನ್ನೋದಕ್ಕೆ ನಮ್ಮ ಬೆಂಗಳೂರಿನದೇ ಕೇಸಿದೆ, ಎಸ್. ವನಿತಾ ವಿರುದ್ಧ ಬೆಂಗಳೂರು ನಗರ ಜಿಲ್ಲಾಧಿಕಾರಿ. ಉತ್ತರ ಬೆಂಗಳೂರಿನ ಮನೆ. ಗಂಡ ಅದನ್ನ ತಂದೆಗೆ ಮಾರಿದ, ತಂದೆ ತನ್ನ ಹೆಂಡತಿಗೆ ದಾನಪತ್ರ ಬರೆದ. ಆಮೇಲೆ ಅತ್ತೆ ಮಾವ, ಹಿರಿಯ ನಾಗರಿಕರ ರಕ್ಷಣೆಗೆ ಅಂತ 2007ರಲ್ಲಿ ಬಂದ ಕಾಯ್ದೆ ಹಿಡಿದು, ಮನೆ ನಮ್ಮದು, ಸೊಸೆಯನ್ನ ಖಾಲಿ ಮಾಡಿಸಿ ಅಂದರು. ಕಂದಾಯ ಅಧಿಕಾರಿಗಳು ಹೂಂ ಅಂದರು, ಕರ್ನಾಟಕ ಹೈಕೋರ್ಟೂ ಹೂಂ ಅಂದಿತು. ಮುದುಕರನ್ನ ಮಕ್ಕಳು ಬೀದಿಗೆ ತಳ್ಳಬಾರದು ಅಂತ ಮಾಡಿದ ಕಾನೂನು ಸೊಸೆಯನ್ನ ಬೀದಿಗೆ ತಳ್ಳೋಕೆ ಬಳಕೆಯಾಯಿತು.

ಸುಪ್ರೀಂ ಕೋರ್ಟು ತನ್ನ ತಪ್ಪು ತಿದ್ದಿಕೊಂಡದ್ದು 2020ರಲ್ಲಿ. ಅಕ್ಟೋಬರ್ 15ಕ್ಕೆ, ಅಹುಜಾ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಬಾತ್ರಾ ತೀರ್ಪು ಸರಿಯಲ್ಲ ಅಂದಿತು. ಅವಳು ನೆಲೆಯಾಗಿ ಬಾಳಿದ ಮನೆ ಗಂಡನ ನೆಂಟರ ಹೆಸರಲ್ಲಿದ್ದರೂ ಅದು ಅವಳ ವಾಸದ ಹಕ್ಕಿನ ಮನೆಯೇ. ಹಕ್ಕು ನಿರಂಕುಶ ಅಲ್ಲ, ವಯಸ್ಸಾದವರ ನೆಮ್ಮದಿಯನ್ನೂ ತೂಗಿ ನೋಡಬೇಕು ಅಂತಲೂ ಹೇಳಿತು. ಅದೂ ಸರಿಯೇ. ಡಿಸೆಂಬರ್ 15ಕ್ಕೆ ವನಿತಾ ಕೇಸಿನಲ್ಲಿ, ಹಿರಿಯ ನಾಗರಿಕರ ಕಾಯ್ದೆ ತೋರಿಸಿ ಕೌಟುಂಬಿಕ ಹಿಂಸೆ ಕಾಯ್ದೆಯ ಹಕ್ಕನ್ನ ಅಳಿಸೋಕಾಗಲ್ಲ ಅಂತ ಹೇಳಿ ಖಾಲಿ ಮಾಡಿಸುವ ಆದೇಶ ರದ್ದು ಮಾಡಿತು. ಬಾತ್ರಾ ತೀರ್ಪಿನಿಂದ ಲೆಕ್ಕ ಹಾಕಿದರೆ ದಿನವೂ ತಪ್ಪದೆ ಸರಿಯಾಗಿ 14 ವರ್ಷ. ಆ 14 ವರ್ಷದಲ್ಲಿ ಬೀಗ ನೋಡಿ ವಾಪಸ್ ಹೋದವರು ಎಷ್ಟು ಜನ, ಅವರ ಮಕ್ಕಳು ಯಾವ ಸ್ಕೂಲು ಬಿಟ್ಟರು ಅನ್ನೋದು ಯಾವ ತೀರ್ಪಿನಲ್ಲೂ ಇಲ್ಲ.

ಕಾಗದದ ಮೇಲೆ ಇಷ್ಟಾಯಿತು. ನೆಲದ ಮೇಲೆ? ಕರ್ನಾಟಕದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿ ಅಂದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿಯ ಅಕ್ಕಿ, ಮೊಟ್ಟೆ ಲೆಕ್ಕ ನೋಡುವವರೇ ಇದನ್ನೂ ನೋಡಬೇಕು. ಅವರು ಬರೆದು ಕಳಿಸುವ ಕೌಟುಂಬಿಕ ಘಟನೆ ವರದಿಗೆ ಕೇಸಿನಲ್ಲಿ ತುಂಬ ಬೆಲೆ ಇದೆ, ಅರ್ಜಿ 60 ದಿನದೊಳಗೆ ಇತ್ಯರ್ಥ ಆಗಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲೇ ಇದೆ. ನಮ್ಮ ಕೋರ್ಟುಗಳ 60 ದಿನ ಎಷ್ಟು ಉದ್ದ ಅಂತ ನಿಮಗೇ ಗೊತ್ತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಹೆಂಗಸರಲ್ಲಿ 44.4% ಜನ ಗಂಡನ ಹಿಂಸೆ ಕಂಡವರು, ದೇಶದಲ್ಲೇ ಅತಿ ಹೆಚ್ಚು. ದೇಶದ ಮಟ್ಟದಲ್ಲಿ ಹಿಂಸೆ ಕಂಡವರಲ್ಲಿ ಸಹಾಯ ಕೇಳಿದವರು 14% ಮಾತ್ರ. ಕೇಳಿದವರೂ ಹೆಚ್ಚಾಗಿ ಹೋಗಿದ್ದು ಸ್ವಂತ ಮನೆಯವರ ಹತ್ತಿರ. ಸಹಾಯವಾಣಿಗಲ್ಲ.

ಇನ್ನೊಂದು ಅಧ್ಯಯನ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್ವಾಲ್ ಕೇರಳದ ತಿರುವನಂತಪುರಂ ಜಿಲ್ಲೆಯಲ್ಲಿ 502 ಹೆಂಗಸರನ್ನ ಮಾತಾಡಿಸಿ 2005ರಲ್ಲಿ ಪ್ರಕಟಿಸಿದ್ದು. ತಮ್ಮ ಹೆಸರಲ್ಲಿ ಜಮೀನೂ ಇಲ್ಲದ ಮನೆಯೂ ಇಲ್ಲದ ಹೆಂಗಸರಲ್ಲಿ 49% ಜನ ದೈಹಿಕ ಹಿಂಸೆ ಅನುಭವಿಸಿದ್ದರು. ಜಮೀನು ಮಾತ್ರ ಇದ್ದವರಲ್ಲಿ 18%, ಮನೆ ಮಾತ್ರ ಇದ್ದವರಲ್ಲಿ 10%, ಎರಡೂ ಇದ್ದವರಲ್ಲಿ 7%. ಓದು, ಸಂಬಳ ಎಲ್ಲ ಲೆಕ್ಕ ಹಾಕಿದ ಮೇಲೂ ಆಸ್ತಿಯ ಪರಿಣಾಮ ಉಳಿದುಕೊಂಡಿತ್ತು. ಹೆಂಗಸು ಕೆಲಸಕ್ಕೆ ಹೋದರೆ ಎಲ್ಲ ಸರಿಹೋಗುತ್ತೆ ಅಂತ ನಂಬಿಕೊಂಡಿದ್ದ ನನಗೆ ಇದು ಸ್ವಲ್ಪ ಪೆಟ್ಟೇ.

ಹೋದ ಯುಗಾದಿಗೆ ಊರಿಗೆ ಹೋದಾಗ ಆ ಗೆಳೆಯ ಸಿಕ್ಕಿದ್ದ. ಈಗ ಅವನಿಗೆ ತೆಂಗಿನಕಾಯಿ ವ್ಯಾಪಾರ. ಇಷ್ಟು ವರ್ಷ ಇಬ್ಬರೂ ಆ ರಾತ್ರಿಯ ಮಾತೆತ್ತಿರಲಿಲ್ಲ. ನಾನು ಈ ಲೇಖನ ಬರೀತಾ ಇರೋದು ಹೇಳಿ, ಹೆಸರು ಹಾಕಲ್ಲ, ಬರೀಲಾ ಅಂತ ಕೇಳಿದೆ. ಬರಿ ಮಾರಾಯ ಅಂದ. ಆಮೇಲೆ ನನಗೆ ಗೊತ್ತಿಲ್ಲದ ಒಂದು ವಿಷಯ ಹೇಳಿದ. ನಾನು ಬೆಂಗಳೂರಿನಲ್ಲಿ ಬಿಇ ಓದ್ತಿದ್ದಾಗ ಅವರಿಗೆ ಆಶ್ರಯ ಯೋಜನೆಯಲ್ಲಿ ಒಂದು ಮನೆ ಮಂಜೂರಾಗಿತ್ತು, ಹೊಸ ಬಡಾವಣೆಯಲ್ಲಿ. ಆ ಮನೆಗಳನ್ನ ಹೆಂಗಸರ ಹೆಸರಿಗೇ ಕೊಡೋದು. ಹಕ್ಕುಪತ್ರದಲ್ಲಿ ಅವರಮ್ಮನ ಹೆಸರು, ಅವರಮ್ಮನ ಫೋಟೋ.

"ಆಮೇಲೆ ಹೊಡೆಯೋದು ಬಿಟ್ಟರಾ?" ಅಂತ ಕೇಳಿದೆ.

"ಕುಡಿಯೋದು ಬಿಡಲಿಲ್ಲ" ಅಂದ. "ಆದರೆ ಕುಡಿದು ಬಂದ ರಾತ್ರಿ ಅಮ್ಮ ಒಳಗಿಂದ ಚಿಲಕ ಹಾಕ್ಕೊಳ್ಳೋರು. ಅಪ್ಪ ಒಂದಷ್ಟು ಹೊತ್ತು ಕೂಗಾಡಿ, ಜಗಲಿ ಮೇಲೆ ಮಲಗ್ತಿದ್ದ. ನಾವು ಒಳಗಡೆ ಓದ್ಕೊತಾ ಇದ್ವಿ."